ಮಗಳಿಗೊಂದು ಪತ್ರ: ಆವತ್ತು ಮಂಜು ಇರಲಿಲ್ಲ

ಶಿರಸಿ
ನವೆಂಬರ್ ಕೊನೆ, 2025

ಪ್ರೀತಿಯ ಪುಟ್ಟಿ,

ಮೊದಲು ತಪ್ಪೊಪ್ಪಿಗೆ. ನಾವು ವೈಷ್ಣೋದೇವಿ ಯಾತ್ರೆಗೆ ಹೊರಟ ಆವತ್ತು ಜಮ್ಮುವಿನ ಕಟ್ರಾದಲ್ಲಿ ಮಂಜು ಇರಲಿಲ್ಲ. ಆಕಾಶ ಸಾರಿಸಿಟ್ಟ ಅಂಗಳದ ಹಾಗಿತ್ತು. ಬೆಳಗ್ಗೆಯಿಂದ ಹೆಲಿಕಾಪ್ಟರ್‌ಗಳು ತ್ರಿಕೂಟ ಬೆಟ್ಟದ ಕಡೆ ಹೋಗುತ್ತಾ ಬರುತ್ತಾ ಇದ್ದವು. 'ಹವೆ ಸರಿ ಇಲ್ಲ, ಹಾರಾಟ ರದ್ದು' ಅಂತ ನಾನು ಫೋನಿನಲ್ಲಿ ಹೇಳಿದ್ದು ಪೂರ್ತಿ ಸುಳ್ಳು. ನೀನು ರಾತ್ರಿ ಕೂತು ಬುಕ್ ಮಾಡಿದ ಎರಡು ಸೀಟಿನ ದುಡ್ಡು ನೀರಿಗೆ ಹೋಯಿತು. 'ದೇವಿಯ ಹತ್ತಿರ ನಡೆದೇ ಹೋಗಬೇಕು, ಹಾರಿಕೊಂಡು ಹೋಗೋದಲ್ಲ' ಅಂತ ನಿನ್ನಮ್ಮನಿಗೆ ಹೇಳಿದೆ. ಅವಳು ಒಂದು ಸಲ ನನ್ನ ಮುಖ ನೋಡಿದಳು. ಏನೂ ಹೇಳದೆ ಶೂ ಕಟ್ಟಿಕೊಂಡಳು.

ನನಗೆ ಎತ್ತರ ಅಂದರೆ ಹೆದರಿಕೆ, ಪುಟ್ಟಿ. ಅಡಿಕೆ ತೋಟ ಇಟ್ಟುಕೊಂಡವನಿಗೆ ಇದು ಹೇಳಿಕೊಳ್ಳುವ ಮಾತಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುವಾಗ ನಾನು ಕೆಳಗೆ ಹಗ್ಗ ಹಿಡಿದು ನಿಂತು ನೆಲ ನೋಡುತ್ತಿದ್ದೆ. ದೆಹಲಿಗೆ ವಿಮಾನ ಬೇಡ, ಹುಬ್ಬಳ್ಳಿಯಿಂದ ರೈಲಲ್ಲಿ ಊರು ನೋಡಿಕೊಂಡು ಹೋಗೋಣ ಅಂದಿದ್ದೂ ಅದಕ್ಕೇ. ನಮ್ಮ ಕಡೆ ಹೇಳುತ್ತಾರಲ್ಲ, ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ ಅಂತ. ನೀನು ನನಗೆ ಸೊಕ್ಕು ಅಂದುಕೊಂಡಿದ್ದೀಯ. ಹಾಗೆ ಅಂದುಕೊಂಡಿರಲಿ ಅಂತ ನಾನೂ ಸುಮ್ಮನಿದ್ದೆ.

ಕಟ್ರಾದಿಂದ ಭವನಕ್ಕೆ, ಅಂದರೆ ದೇವಿಯ ಗುಹೆ ಇರುವಲ್ಲಿಗೆ, ಸುಮಾರು 12 ಕಿಲೋಮೀಟರ್ ಏರು. ಹೆಲಿಕಾಪ್ಟರ್‌ನವರೂ ಸಾಂಝಿಛತ್‌ನಲ್ಲಿ ಇಳಿದು ಉಳಿದದ್ದನ್ನು ನಡೆಯಲೇಬೇಕು. ಇನ್ನೂ ಕತ್ತಲಿರುವಾಗ ಯಾತ್ರೆಯ ಕಾರ್ಡು ಕೊರಳಿಗೆ ಹಾಕಿಕೊಂಡು ಬಾಣಗಂಗಾದಿಂದ ಹೊರಟೆವು. ಕಾಡುದಾರಿ ಅಂತ ನೀನು ಹೆದರಿದ್ದೆಯಲ್ಲ, ನಮ್ಮೂರ ರಸ್ತೆಗಿಂತ ಚೆನ್ನಾಗಿದೆ. ತುಂಬಾ ಕಡೆ ತಲೆ ಮೇಲೆ ತಗಡಿನ ಮಾಡು ಇದೆ, ಅದು ಮಳೆಗಷ್ಟೇ ಅಲ್ಲ, ಮೇಲಿಂದ ಉರುಳುವ ಕಲ್ಲಿಗೂ. ಚಹಾ, ನೀರು, ಶೌಚಾಲಯ ಎಲ್ಲಾ ಉಂಟು. ಕುದುರೆಗಳು ಮಾತ್ರ ಮೈಮೇಲೇ ಬರುತ್ತವೆ. ಲದ್ದಿಯ ವಾಸನೆ ದಾರಿಯುದ್ದಕ್ಕೂ. ಕುದುರೆ ಇಲ್ಲದ ಹೊಸ ದಾರಿಯೊಂದಿದೆ, ತಾರಾಕೋಟೆ ಮಾರ್ಗ ಅಂತ, 2018ರಲ್ಲಿ ಆದದ್ದು. ಆದರೆ ನಿನ್ನಮ್ಮನಿಗೆ ಚರಣಪಾದುಕಾ ನೋಡಲೇಬೇಕಿತ್ತು. ಭೈರವನಾಥ ಅನ್ನುವ ತಾಂತ್ರಿಕ ಬೆನ್ನಟ್ಟಿದಾಗ ದೇವಿ ಓಡುತ್ತಾ ಅಲ್ಲಿ ನಿಂತು ಹಿಂದೆ ತಿರುಗಿ ನೋಡಿದಳಂತೆ. ಆ ಹೆಜ್ಜೆ ಗುರುತು ಇದೆ. ಹಾಗಾಗಿ ಹಳೇ ದಾರಿ.

ಅಲ್ಲಿ 'ದಾರಿ ಬಿಡಿ', 'ಹೋಗೋಣ', 'ಹೇಗಿದ್ದೀರಿ' ಎಲ್ಲಕ್ಕೂ ಒಂದೇ ಮಾತು: ಜೈ ಮಾತಾ ದೀ. ನನ್ನ ಹರಕು ಹಿಂದಿಗೆ ಅದು ತುಂಬಾ ಅನುಕೂಲ ಆಯಿತು.

ಅರ್ಧದಾರಿಯಲ್ಲಿ ಅರ್ಧಕುಂವಾರಿ. ಭೈರವನಾಥ ಅಟ್ಟಿಸಿಕೊಂಡು ಬಂದಾಗ ದೇವಿ ಒಂಬತ್ತು ತಿಂಗಳು ಅಡಗಿದ ಗುಹೆ ಅದು. ಗರ್ಭಜೂನ್ ಅನ್ನುತ್ತಾರೆ. ಅಂಬೆಗಾಲಿಟ್ಟು, ಮೈ ಹಿಂಡಿಕೊಂಡು ಆ ಕಡೆ ಬರಬೇಕು. ಎಂಥಾ ದಪ್ಪದವರೂ ದಾಟುತ್ತಾರೆ ಅಂತ ಎಲ್ಲರೂ ಧೈರ್ಯ ಹೇಳಿದರು. ಸರದಿಗೆ ಗಂಟೆಗಟ್ಟಲೆ ಕಾಯಬೇಕಿತ್ತು. ಬಿಟ್ಟೆವು.

ಅಲ್ಲೇ ಹತ್ತಿರ ಆಗಸ್ಟ್ 26ಕ್ಕೆ ಗುಡ್ಡ ಕುಸಿದು ಮೂವತ್ತಕ್ಕೂ ಜಾಸ್ತಿ ಜನ ಸತ್ತಿದ್ದು. ಯಾತ್ರೆ ಮೂರು ವಾರ ನಿಂತಿತ್ತು. ಹಿಂದಿನ ವರ್ಷ ಜುಲೈಯಲ್ಲಿ ನಮ್ಮ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಜಾರಿ ಗಂಗಾವಳಿಗೆ ಬಿತ್ತಲ್ಲ, ಆಗ ನೀನು ದಿನಾ ಫೋನ್ ಮಾಡುತ್ತಿದ್ದೆ. ಅಮ್ಮ ಅಲ್ಲಿ ಸ್ವಲ್ಪ ಹೊತ್ತು ನಿಂತಳು. ಕೈ ಮುಗಿದದ್ದು ಗುಹೆಗೋ ಗುಡ್ಡಕ್ಕೋ, ನಾನು ಕೇಳಲಿಲ್ಲ.

ನನ್ನ ಬಲ ಮೊಣಕಾಲು ಕೈಕೊಟ್ಟಿದ್ದೂ ಅಲ್ಲೇ. ಅಲ್ಲಿಂದ ಮೇಲಕ್ಕೆ ಬ್ಯಾಟರಿ ಗಾಡಿ ಇದೆ. ನಡೆದೇ ಹೋಗಬೇಕು ಅಂದವನು ಗಾಡಿ ಹತ್ತಿದೆ, ಮಾತೇ ಆಡದವಳು ನಡೆದಳು. ನಾನು ಮೇಲೆ ಕೂತು ಕಾದೆ, ಕಾದೆ. ದೂರದಲ್ಲಿ ಅವಳು ಕಂಡಾಗ ಪಂಜಾಬಿನ ಕಡೆಯ ನಾಲ್ಕು ಹೆಂಗಸರ ಜೊತೆ ನಗುತ್ತಾ ಬರುತ್ತಿದ್ದಳು. ಅವಳಿಗೆ ಹಿಂದಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಏನು ಮಾತಾಡಿದರೋ.

ಭವನದಲ್ಲಿ ಮೊಬೈಲು, ಬೆಲ್ಟು ಎಲ್ಲಾ ಲಾಕರಿಗೆ ಹಾಕಿ ಸಾಲಿಗೆ ನಿಂತೆವು. ಹಳೇ ಗುಹೆ ಬಲು ಕಿರಿದು. ಜನ ಕಡಿಮೆ ಇರುವ ಚಳಿಗಾಲದ ಕೆಲವು ದಿನ ಮಾತ್ರ ತೆಗೆಯುತ್ತಾರೆ. ಉಳಿದಂತೆ ಆಮೇಲೆ ಕೊರೆದ ಸುರಂಗದಲ್ಲಿ ಹೋಗಬೇಕು. ಒಳಗೆ ಮೂರ್ತಿ ಇಲ್ಲ ಪುಟ್ಟಿ. ಒಂದೇ ಬಂಡೆ, ಅದರಲ್ಲಿ ಪಿಂಡಿ ಅನ್ನುವ ಮೂರು ಕಲ್ಲಿನ ಉಬ್ಬು: ಮಹಾಕಾಳಿ, ಮಹಾಲಕ್ಷ್ಮಿ, ಮಹಾಸರಸ್ವತಿ. ನಿಲ್ಲಲು ಸಿಕ್ಕಿದ್ದು ಎರಡು ಉಸಿರಿನಷ್ಟು ಹೊತ್ತು. ಹಿಂದಿನವರು ತಳ್ಳಿದರು, ನಾನು ನೋಡಿದ್ದು ಅರ್ಚಕರ ಕೈ ಮಾತ್ರ. ಅಮ್ಮ ಎಲ್ಲಾ ನೋಡಿದ್ದಾಳೆ. ಹೇಗೆ ಅಂದರೆ, 'ನೀವು ಕಾಲು ನೋಡ್ಕೊಳ್ತಾ ಇದ್ರಿ' ಅಂದಳು.

ಇಷ್ಟಕ್ಕೆ ಯಾತ್ರೆ ಮುಗಿಯಲಿಲ್ಲ. ಗುಹೆಯ ಬಾಗಿಲಲ್ಲಿ ದೇವಿ ಭೈರವನ ತಲೆ ಕಡಿದಳು. ತಲೆ ಹಾರಿ ಮೇಲಿನ ಗುಡ್ಡದಲ್ಲಿ ಬಿತ್ತು. ಸಾಯುವಾಗ ಅವನು ತಪ್ಪಾಯಿತು ಅಂದ. ದೇವಿ ಕ್ಷಮಿಸಿದ್ದಷ್ಟೇ ಅಲ್ಲ, ನಿನ್ನನ್ನು ನೋಡದೆ ಹೋದರೆ ನನ್ನನ್ನು ನೋಡಿದ ಫಲವಿಲ್ಲ ಅಂತಲೂ ಅಂದುಬಿಟ್ಟಳು. ಬೆನ್ನಟ್ಟಿದವನಿಗೆ ಇಷ್ಟು ಮರ್ಯಾದೆ ಜಾಸ್ತಿಯಾಯಿತು ಅಂತ ನನ್ನ ಅಭಿಪ್ರಾಯ. ಅಮ್ಮ ಒಪ್ಪುವುದಿಲ್ಲ.

ಆ ಭೈರವನ ಗುಡಿ ಇನ್ನೂ ಮೇಲೆ, ಕಡಿದಾದ ಏರು. ನನ್ನ ಕಾಲಿಗೆ ಆಗದ ಮಾತು. ಉಳಿದದ್ದು ರೋಪ್‌ವೇ. 2018ರ ಡಿಸೆಂಬರಿನಿಂದ ಓಡುತ್ತಿದೆ. ಹೆಲಿಕಾಪ್ಟರಿಗೆ ಹೆದರಿ ಕಾಲು ಮುರಿದುಕೊಂಡು, ಆ ಕಾಲಿನಿಂದಾಗಿ ಹಗ್ಗಕ್ಕೆ ನೇತಾಡುವ ಪರಿಸ್ಥಿತಿ ಬಂತಲ್ಲ ಅಂತ ನನಗೇ ನಗು ಬಂತು. ಐದು ನಿಮಿಷವೂ ಇಲ್ಲ. ನಾನು ಕಣ್ಣು ಬಿಟ್ಟೇ ಕೂತಿದ್ದೆ. ಕೆಳಗೆ ಭವನ, ಇರುವೆ ಸಾಲಿನ ಹಾಗೆ ಜನ, ದೂರದಲ್ಲಿ ಕಣಿವೆ. ಚೆನ್ನಾಗಿತ್ತು.

ಮಾರನೇ ದಿನ ಶಿವಖೋರಿ, ಶಿವನ ಗುಹೆ. ಕಟ್ರಾದಿಂದ ಸುಮಾರು 80 ಕಿಲೋಮೀಟರ್, ರಿಯಾಸಿ ಮೇಲೆ ರನ್ಸೂ ಅನ್ನುವ ಹಳ್ಳಿಗೆ. ಕಳೆದ ವರ್ಷ ಜೂನ್‌ನಲ್ಲಿ ಅಲ್ಲಿಂದ ಬರುತ್ತಿದ್ದ ಯಾತ್ರಿಕರ ಬಸ್ಸಿನ ಮೇಲೆ ಗುಂಡು ಹಾರಿಸಿದ್ದರು. ಅದಕ್ಕೇ ನಿನಗೆ ಹೇಳದೆ ಹೋದೆವು, ಇದು ಎರಡನೇ ತಪ್ಪೊಪ್ಪಿಗೆ. ದಾರಿಯುದ್ದಕ್ಕೂ ಯೋಧರು ನಿಂತಿದ್ದರು.

ರನ್ಸೂನಿಂದ ಮೂರು ಕಿಲೋಮೀಟರ್ ಏರು. ನಾನು ಕುದುರೆ ಮೇಲೆ, ಯಾವ ವಾದವೂ ಇಲ್ಲದೆ. ವೈಷ್ಣೋದೇವಿಗಿಂತ ನನಗೆ ಹಿಡಿಸಿದ್ದು ಈ ಗುಹೆ. ನಡುವೆ ಒಂದು ಕಡೆ ಬಂಡೆಗೆ ಎದೆ ಒತ್ತಿ ಅಡ್ಡಡ್ಡ ಸರಿಯಬೇಕು. ಆಮೇಲೆ ಒಮ್ಮೆಲೇ ದೊಡ್ಡ ಕೋಣೆ ತೆರೆದುಕೊಳ್ಳುತ್ತದೆ. ತಾನಾಗಿ ಮೂಡಿದ ಸುಮಾರು ನಾಲ್ಕು ಅಡಿಯ ಲಿಂಗ. ಮೇಲೆ ಮಾಡಿನಲ್ಲಿ ಹಸುವಿನ ಕೆಚ್ಚಲಿನ ಹಾಗೆ ಕಲ್ಲು, ಅದರಿಂದ ಲಿಂಗದ ಮೇಲೆ ತೊಟ್ಟು ತೊಟ್ಟಾಗಿ ನೀರು. ಅಮ್ಮ ನನ್ನ ಕೈ ಹಿಡಿದು 'ಯಾಣ' ಅಂದಳು. ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆ.

ಕಥೆಯೂ ಅದೇ ನೋಡು! ವರ ಪಡೆದ ಭಸ್ಮಾಸುರ ಶಿವನ ತಲೆಗೇ ಕೈ ಇಡಲು ಬಂದ, ಶಿವ ಓಡಿ ಈ ಗುಹೆಯಲ್ಲಿ ಅಡಗಿದ, ವಿಷ್ಣು ಮೋಹಿನಿಯಾಗಿ ಬಂದು ಕುಣಿಸಿ ಅವನ ಕೈ ಅವನ ತಲೆ ಮೇಲೇ ಇಡಿಸಿದ. ನೀನು ಚಿಕ್ಕವಳಿದ್ದಾಗ ಯಕ್ಷಗಾನದ ಆಟದಲ್ಲಿ ಭಸ್ಮಾಸುರನ ಪ್ರವೇಶ ಆದ ಕೂಡಲೇ ನನ್ನ ಪಂಚೆಯೊಳಗೆ ತಲೆ ಹುದುಗಿಸುತ್ತಿದ್ದೆ. ಯಾಣದ ಮಣ್ಣು ಕಪ್ಪಗಿರುವುದು ಅವನ ಬೂದಿಯಿಂದ ಅಂತ ಅಜ್ಜಿ ಹೇಳುತ್ತಿದ್ದಳು. ಅಮ್ಮ ಟ್ಯಾಕ್ಸಿಯವನಿಗೆ ಅಚ್ಚ ಕನ್ನಡದಲ್ಲೇ ಕೇಳಿದಳು: 'ಅವ ಇಲ್ಲಿ ಸುಟ್ಟುಹೋದ್ರೆ ನಮ್ಮ ಯಾಣದಲ್ಲಿ ಸುಟ್ಟುಹೋದದ್ದು ಯಾರಪ್ಪಾ?' ಅವನು ಭಕ್ತಿಯಿಂದ 'ಜೈ ಭೋಲೇನಾಥ್' ಅಂದ.

ಜಮ್ಮುವಿನ ರಘುನಾಥ ಮಂದಿರ ನೋಡಿದೆವು. ಗುಲಾಬ್ ಸಿಂಗ್ ಮಹಾರಾಜ ಶುರು ಮಾಡಿ ಮಗ ರಣಬೀರ್ ಸಿಂಗ್ 1860ರಲ್ಲಿ ಮುಗಿಸಿದ್ದು. ಸಾಲಿಗ್ರಾಮಗಳ ರಾಶಿಯೇ ಇದೆ. ಆದರೆ ಅಮ್ಮ ಗುಡಿಗಿಂತ ಹೊರಗಿನ ಬಜಾರಿನಲ್ಲಿ ಜಾಸ್ತಿ ಹೊತ್ತು ಇದ್ದಳು.

ನೋಡದೆ ಬಂದದ್ದು ಚಿನಾಬ್ ಸೇತುವೆ. ಕಟ್ರಾದಿಂದ ಶ್ರೀನಗರಕ್ಕೆ ಹೋಗುವ ಹೊಸ ರೈಲು ಅದರ ಮೇಲೆ ಹಾಯುತ್ತದೆ, ಈ ಜೂನ್‌ನಲ್ಲಿ ಶುರುವಾಗಿದೆ. ನದಿಯಿಂದ 359 ಮೀಟರ್ ಎತ್ತರ. ನಮ್ಮ ಜೋಗ 253 ಮೀಟರ್, ಅದರ ತುದಿಗಿಂತ ಇನ್ನೂ ನೂರು ಮೀಟರ್ ಮೇಲೆ ರೈಲು! ಸೀಟು ಸಿಗಲಿಲ್ಲ ಅಂತ ಅಮ್ಮನಿಗೆ ಹೇಳಿದ್ದೇನೆ. ನಾನು ಕೌಂಟರಿಗೆ ಹೋಗಿ ಕೇಳಿಯೇ ಇರಲಿಲ್ಲ. ಮುಂದಿನ ವರ್ಷಕ್ಕೆ ನೀನೇ ಮೂರು ಸೀಟು ಬುಕ್ ಮಾಡು. ಕಿಟಕಿ ಅವಳಿಗೆ, ನಡುವೆ ನಾನು.

ಭದರ್ವಾಹದ ರಾಜ್ಮಾ, ಅಖರೋಟು, ಪ್ರಸಾದದ ಪೊಟ್ಟಣ ಕೊರಿಯರ್ ಮಾಡಿದ್ದೇನೆ. ರಾಜ್ಮಾ ರಾತ್ರಿಯೇ ನೆನೆಸು. ಕೊಯ್ಲು ಶುರುವಾಗಿದೆ, ಮೊಣಕಾಲಿನ ಊತ ಇಳಿದಿಲ್ಲ, ಹಾಗಾಗಿ ಹಗ್ಗ ಹಿಡಿಯಲು ಈ ಸಲ ನಿನ್ನಮ್ಮನೇ ಹೋಗುತ್ತಿದ್ದಾಳೆ.

ಇಂತಿ,
ಅಪ್ಪ

ತಾ.ಕ.: ಅಮ್ಮ ಪತ್ರ ಓದಿದಳು. ರೈಲಿನ ಸುದ್ದಿಗೆ ಏನೂ ಹೇಳಲಿಲ್ಲ. ರೋಪ್‌ವೇಯಲ್ಲಿ ಕಣ್ಣು ಬಿಟ್ಟಿದ್ದೆ ಅಂತ ಬರೆದದ್ದನ್ನು ಮಾತ್ರ ಹೊಡೆದುಹಾಕಿ ಅಂತಿದ್ದಾಳೆ.