ಬ್ಯಾಟರಿ ಬದಲಿಸುವ ಮೊದಲು ಒಮ್ಮೆ ಮೀಟರ್ ಇಟ್ಟು ನೋಡಿ

ಮಾನ್ಯ ಸಂಪಾದಕರೇ,

ಜುಲೈ ತಿಂಗಳ ಒಂದು ಬುಧವಾರ ರಾತ್ರಿ, ಗಂಟೆ ಎರಡಾಗಿತ್ತು. ಹೊರಗೆ ಧೋ ಎಂದು ಮಳೆ. 81 ವರ್ಷದ ನಮ್ಮ ಅತ್ತೆಗೆ ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾಯಿತು. ಯಜಮಾನರು ಓಡಿಹೋಗಿ ಕಾರಿನ ಕೀ ತಿರುಗಿಸಿದರು. ಟಕ್ ಟಕ್ ಎಂದಿತು, ಅಷ್ಟೇ. ಸೆಲ್ಫ್ ಎತ್ತಲೇ ಇಲ್ಲ. ಕೊನೆಗೆ ಪಕ್ಕದ ಮನೆಯ ರಿಕ್ಷಾದವರನ್ನು ಎಬ್ಬಿಸಿ, ಎರಡೂ ಬದಿಗೆ ಟಾರ್ಪಾಲು ಇಳಿಸಿಕೊಂಡು ಸಂತೆಕಟ್ಟೆಯಿಂದ ಆಸ್ಪತ್ರೆಗೆ ಹೋದೆವು. ಅತ್ತೆ ಈಗ ಹುಷಾರಾಗಿದ್ದಾರೆ. ಆದರೆ ಆ ರಿಕ್ಷಾದಲ್ಲಿ ಅವರ ಕೈ ಹಿಡಿದು ಕೂತದ್ದು ನನಗೆ ಇನ್ನೂ ಮರೆತುಹೋಗಿಲ್ಲ. ಅದಕ್ಕೇ ಈ ಪತ್ರ.

ಆ ಕಾರಿಗೆ ಹೊಸ ಬ್ಯಾಟರಿ ಹಾಕಿಸಿ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ. ನಾವು ದಿನವೂ ಗಾಡಿ ತೆಗೆಯುವವರಲ್ಲ. ಜನವರಿಯಿಂದಲೇ ವಾರದ ನಡುವೆ ಗಾಡಿ ಸ್ಟಾರ್ಟ್ ಆಗದ ತೊಂದರೆ ಶುರುವಾಗಿತ್ತು. ಕೇಳಿದವರೆಲ್ಲ ಒಂದೊಂದು ಕಾರಣ ಹೇಳಿದರು. ಸುಮ್ನೆ ನಿಲ್ಲಿಸಿದರೆ ಹಾಗೇ ಅಂದರು. ಸಮುದ್ರದ ಉಪ್ಪುಗಾಳಿ ಅಲ್ವಾ ಅಂದರು. ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದ್ದು ನಿಜ. ಬಿಸಿನೀರು ಹಾಕಿ ತೊಳೆದು ವ್ಯಾಸಲಿನ್ ಹಚ್ಚಿದೆವು, ಪ್ರಯೋಜನ ಆಗಲಿಲ್ಲ. ಗ್ಯಾರೇಜಿನಲ್ಲಿ ಒಂದು ಮಿಷನ್ ಹಚ್ಚಿ, 'ಬ್ಯಾಟರಿ ಹೋಗಿದೆ' ಎಂದರು. ಹಳೆಯದನ್ನು ಅವರಿಗೇ ಕೊಟ್ಟು ಹೊಸದು ತಂದೆವು. ಸುಮಾರು ಐದು ಸಾವಿರ ಹೋಯಿತು. ಕರೆಂಟ್ ಎಲ್ಲಿಗೆ ಹೋಗುತ್ತಿದೆ ಎಂದು ಒಬ್ಬರೂ ನೋಡಲಿಲ್ಲ.

ನೋಡಿದ್ದು ನನ್ನ ಹಳೆಯ ವಿದ್ಯಾರ್ಥಿ. ಐಟಿಐ ಮುಗಿಸಿ ಆಟೋ ಎಲೆಕ್ಟ್ರಿಷಿಯನ್ ಆಗಿದ್ದಾನೆ. ಆಸ್ಪತ್ರೆಯಿಂದ ಬಂದ ಮೇಲೆ ಅವನನ್ನು ಕರೆಸಿದೆ. ಮೊದಲು ಬ್ಯಾಟರಿಯನ್ನು ಚಾರ್ಜ್ ಮಾಡಿಸಿದ. ಮರುದಿನ ನೋಡಿದರೆ 12.6 ವೋಲ್ಟ್ ಇತ್ತು. 'ಬ್ಯಾಟರಿ ಚೆನ್ನಾಗೇ ಇದೆ ಟೀಚರ್, ಕರೆಂಟನ್ನು ಯಾರೋ ಕುಡೀತಿದ್ದಾರೆ' ಎಂದ.

ಅವನು ಮಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ವೈರಿಗೂ ಟರ್ಮಿನಲ್‌ಗೂ ನಡುವೆ ಕರೆಂಟ್ ಅಳೆಯುವ ಮೀಟರ್ ಇಟ್ಟ. ಬಾನೆಟ್ ತೆರೆದೇ ಇತ್ತು. ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾನೆಟ್ ಮುಚ್ಚಿದೆ ಎಂದು ಗಾಡಿಗೆ ಅನ್ನಿಸುವ ಹಾಗೆ ಮಾಡಿದ. ಬಾಗಿಲು ಲಾಕ್ ಮಾಡಿದ. ಮೀಟರ್ ಮೊದಲು 2 ಆಂಪಿಯರ್‌ಗಿಂತ ಜಾಸ್ತಿ ತೋರಿಸಿತು. ನಾನು ಗಾಬರಿಯಾದೆ. 'ಈಗಲೇ ನೋಡಬಾರದು ಟೀಚರ್, ಗಾಡಿ ಒಳಗಿನ ಕಂಪ್ಯೂಟರುಗಳೆಲ್ಲ ಮಲಗಬೇಕು, ಅರ್ಧ ಗಂಟೆ ಬೇಕು' ಎಂದ. ಚಹಾ ಕುಡಿದು ಬಂದೆವು. ಮೀಟರ್ 0.31ರಲ್ಲಿ ನಿಂತಿತ್ತು. ಮಲಗಿದ ಗಾಡಿ 0.05 ಆಂಪಿಯರ್, ಅಂದರೆ 50 ಮಿಲಿ ಆಂಪಿಯರ್ ಒಳಗೆ ಇರಬೇಕಂತೆ. ಇದು ಅದರ ಆರು ಪಟ್ಟು!

ಲೆಕ್ಕ ನಾನೇ ಹಾಕಿದೆ. 0.31ನ್ನು 24 ಗಂಟೆಯಿಂದ ಗುಣಿಸಿದರೆ ದಿನಕ್ಕೆ ಏಳೂವರೆ ಆಂಪಿಯರ್-ಅವರ್ ಹತ್ತಿರ. ನಮ್ಮ ಬ್ಯಾಟರಿ ಪೂರ್ತಿ ತುಂಬಿದರೂ ಹಿಡಿಯುವುದೇ 35 ಆಂಪಿಯರ್-ಅವರ್. ಭಾನುವಾರ ಸಂಜೆ ನಿಲ್ಲಿಸಿದ ಗಾಡಿ ಬುಧವಾರ ರಾತ್ರಿ ಹೇಗೆ ಎದ್ದೀತು?

ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡುತ್ತಾ ಹೋದ. ಒಳಗಿನ ಲೈಟ್, ಹಾರ್ನ್, ಸ್ಟೀರಿಯೋ, ಎಲ್ಲ ಆಯಿತು. ಅಂಕಿ ಅಲುಗಾಡಲಿಲ್ಲ. ಆಗ ಬ್ಯಾಟರಿಯ ಪ್ಲಸ್‌ನಿಂದ ನೇರವಾಗಿ ಹೊರಟಿದ್ದ ಒಂದು ದಪ್ಪ ಕೆಂಪು ವೈರ್ ಅವನ ಕಣ್ಣಿಗೆ ಬಿತ್ತು. ಕಂಪೆನಿಯ ಫ್ಯೂಸ್ ಡಬ್ಬಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ವೈರ್ ಹಿಡಿದು ಹೋದರೆ ಮುಂದಿನ ಸೀಟಿನ ಅಡಿಯಲ್ಲಿ ಆಂಪ್ಲಿಫೈಯರ್, ಅಂದರೆ ಸ್ಟೀರಿಯೋದ ಸದ್ದು ಹೆಚ್ಚಿಸುವ ಡಬ್ಬಿ! ಕಳೆದ ದೀಪಾವಳಿಗೆ ಊರಿಗೆ ಬಂದ ಮಗ ಹಾಡು ಕೇಳಲು ಹಾಕಿಸಿದ್ದು. 'ಮುಟ್ಟಿ ನೋಡಿ' ಎಂದ. ಮಳೆಯ ತಂಪಿನಲ್ಲಿ, ದಿನಗಟ್ಟಲೆ ಹಾಡೇ ಹಾಕದ ಗಾಡಿಯಲ್ಲಿ ಆ ಡಬ್ಬಿ ಬೆಚ್ಚಗಿತ್ತು. ಅದರ ಫ್ಯೂಸ್ ತೆಗೆದ ಕೂಡಲೇ ಮೀಟರ್ 0.02ಕ್ಕೆ ಇಳಿಯಿತು.

ತಪ್ಪು ಇದ್ದದ್ದು ಒಂದು ಸಣ್ಣ ನೀಲಿ ವೈರಿನಲ್ಲಿ. ಸ್ಟೀರಿಯೋ ಆನ್ ಆದಾಗ ಮಾತ್ರ ಆಂಪ್ಲಿಫೈಯರನ್ನು ಎಬ್ಬಿಸುವುದು ಅದರ ಕೆಲಸ. ಅದನ್ನು ಸ್ಟೀರಿಯೋದ ಬಿಳಿ ಗೆರೆಯ ನೀಲಿ ವೈರಿಗೇ ಜೋಡಿಸಬೇಕಿತ್ತು. ಫಿಟ್ ಮಾಡಿದವರು ಸದಾ ಕರೆಂಟ್ ಇರುವ ಆ ದಪ್ಪ ಕೆಂಪು ವೈರಿಗೇ ಸುತ್ತಿ ಟೇಪ್ ಹಾಕಿದ್ದರು. ಹಾಡು ಬರುತ್ತಿತ್ತು, ನಮಗೂ ಗೊತ್ತಾಗಲಿಲ್ಲ. ಸರಿ ಮಾಡಲು ಅವನಿಗೆ ಹತ್ತು ನಿಮಿಷ ಸಾಕಾಯಿತು. ನಾವು ಕೊಟ್ಟುಬಿಟ್ಟ ಹಳೆ ಬ್ಯಾಟರಿಯೂ ಚೆನ್ನಾಗಿಯೇ ಇದ್ದಿರಬಹುದು ಎಂದ. ಅದೇ ನನಗೆ ಹೊಟ್ಟೆ ಉರಿಯುವ ವಿಷಯ.

ಆಂಪ್ಲಿಫೈಯರ್ ಹಾಕಿದ ಅಂಗಡಿಗೆ ಹೋಗಿ ಹೇಳಿದೆ. ಜಗಳಕ್ಕಲ್ಲ, ತಿಳಿಸಲಿಕ್ಕೆ. 'ನಾವು ಎಲ್ಲ ಗಾಡಿಗೂ ಹಾಗೇ ಕನೆಕ್ಷನ್ ಕೊಡೋದು ಅಮ್ಮಾ' ಎಂದರು. ಹಾಗಾದರೆ ನಮ್ಮಂಥವರು ಇನ್ನೆಷ್ಟು ಮಂದಿ?

ಗ್ಯಾರೇಜ್ ಮತ್ತು ಬ್ಯಾಟರಿ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ. ಹೊಸ ಬ್ಯಾಟರಿ ಮಾರುವ ಮೊದಲು ಅರ್ಧ ಗಂಟೆ ಈ ಮೀಟರ್ ಇಟ್ಟು ನೋಡಿ. ಅದಕ್ಕೆ ಕೂಲಿ ತೆಗೆದುಕೊಳ್ಳಿ, ನಾವು ಸಂತೋಷದಿಂದ ಕೊಡುತ್ತೇವೆ. ಸ್ಟೀರಿಯೋ, ಕ್ಯಾಮೆರಾ ಹಾಕುವವರು ಯಾವ ವೈರನ್ನು ಎಲ್ಲಿಗೆ ಜೋಡಿಸಿದ್ದೇವೆ ಎಂದು ಬಿಲ್ಲಿನ ಹಿಂದೆ ಬರೆದುಕೊಡಿ. ಮನೆಯಲ್ಲೇ ಮೀಟರ್ ಇಟ್ಟು ನೋಡುವವರು, ಅದು ನಡುವೆ ಇರುವಾಗ ಗಾಡಿ ಸ್ಟಾರ್ಟ್ ಮಾಡಬೇಡಿ. ಮೀಟರ್ ಸುಟ್ಟುಹೋಗುತ್ತದೆ.

ಮೀಟರ್ ಇಲ್ಲದವರು, ಗಾಡಿಗೆ ಆಂಪ್ಲಿಫೈಯರ್ ಹಾಕಿಸಿದ್ದರೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಸೀಟಿನ ಅಡಿಗೆ ಕೈ ಹಾಕಿ ನೋಡಿ. ಡಬ್ಬಿ ಬೆಚ್ಚಗಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಇಂತಿ,
ನಿವೃತ್ತ ಶಿಕ್ಷಕಿ,
ಸಂತೆಕಟ್ಟೆ, ಉಡುಪಿ