ಲಂಡನ್ ಬಾನುಲಿ ದಾಖಲೆಗಳ ಬಗ್ಗೆ ಒಂದು ಸೂಚನೆ

ಸದಸ್ಯರೆಲ್ಲರಿಗೂ ನಮಸ್ಕಾರ. ಲಂಡನ್ನಿನ ಹಳೆಯ ಕೇಂದ್ರಗಳ ಧ್ವನಿಮುದ್ರಣ ಹಂಚುವಾಗ ‘ರೇಡಿಯೋ ಲಂಡನ್’ ಎಂದಷ್ಟೇ ಬರೆಯಬೇಡಿ, ವರ್ಷವನ್ನೂ ಸೇರಿಸಿ. ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಕೇಂದ್ರಗಳಿದ್ದವು.

ಮೊದಲನೆಯದು ಪರವಾನಗಿ ಇಲ್ಲದ ಕಡಲ ಕೇಂದ್ರ. 1964ರ ಕೊನೆಯಲ್ಲಿ ಎಸೆಕ್ಸ್ ತೀರದಾಚೆ ಲಂಗರು ಹಾಕಿದ್ದ ‘ಗ್ಯಾಲಕ್ಸಿ’ ಹಡಗಿನಿಂದ 266 ಮೀಟರ್ ತರಂಗದಲ್ಲಿ ಪಾಪ್ ಸಂಗೀತ ಬಿತ್ತರಿಸುತ್ತಿತ್ತು. ಕಡಲ ಪ್ರಸಾರವನ್ನು ಅಪರಾಧವಾಗಿಸಿದ ಕಾನೂನು ಜಾರಿಗೆ ಬರುವ ಹೊತ್ತಿಗೆ, 1967ರ ಆಗಸ್ಟ್ 14ರ ಮಧ್ಯಾಹ್ನ 3 ಗಂಟೆಗೆ, ತಾನೇ ಬಾಗಿಲು ಮುಚ್ಚಿತು. ಆ ಕೊನೆಯ ಗಂಟೆಯ ಮುದ್ರಣ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಾಕಿ. ಈ ಇತಿಹಾಸದಲ್ಲಿ ನನಗೆ ಅದಕ್ಕಿಂತ ಅಮೂಲ್ಯವಾದದ್ದಿಲ್ಲ.

ಎರಡನೆಯದು 1970ರ ಅಕ್ಟೋಬರ್‌ನಲ್ಲಿ ಆರಂಭವಾದ ಬಿಬಿಸಿಯ ಸ್ಥಳೀಯ ಕೇಂದ್ರ. ಇದು 1988ರಲ್ಲಿ ಹೆಸರು ಬದಲಿಸಿತು.

1973ರ ಅಕ್ಟೋಬರ್ 8ರಂದು ಸುದ್ದಿಗಾಗಿ ಎಲ್‌ಬಿಸಿ, 16ರಂದು ಸಂಗೀತಕ್ಕಾಗಿ ಕ್ಯಾಪಿಟಲ್ ರೇಡಿಯೋ ಶುರುವಾದವು. ಇವುಗಳಿಗೆ ದಿನಾಂಕ ಸಾಕು. 1922ರ ಲಂಡನ್ ಬಾನುಲಿ ಕೇಂದ್ರ ‘2ಎಲ್‌ಓ’ ಕುರಿತ ಬರಹಗಳನ್ನು ಬೇರೆ ಕಡತದಲ್ಲಿಡೋಣ. ಕಿಸ್ ಎಫ್‌ಎಂ ಮುದ್ರಣವಾದರೆ 1990ಕ್ಕೆ ಮೊದಲಿನದೋ ನಂತರದ್ದೋ ತಿಳಿಸಿ; ಮೊದಲು ಪರವಾನಗಿ ಇಲ್ಲದೆ ನಡೆದ ಈ ಕೇಂದ್ರ ಪರವಾನಗಿಯೊಂದಿಗೆ ಪ್ರಸಾರ ಶುರುಮಾಡಿದ್ದು ಆ ವರ್ಷವೇ.