ಕೊಯಮತ್ತೂರಿನಿಂದ ಊಟಿಗೆ ಬುಕ್ ಮಾಡಿದ್ದ ಕಾರಿನ ಬಗ್ಗೆ ದೂರು, ದುಡ್ಡು ವಾಪಸ್ ಕೊಡಿ

ಗೆ,
ಗ್ರಾಹಕ ಸೇವಾ ವಿಭಾಗದವರಿಗೆ,

ವಿಷಯ: ಕೊಯಮತ್ತೂರು ವಿಮಾನ ನಿಲ್ದಾಣದಿಂದ ಊಟಿಗೆ ಮುಂಗಡ ಬುಕ್ ಮಾಡಿದ್ದ ಇನ್ನೋವಾ ಕೊಡದೆ ಬೇರೆ ಕಾರು ಕಳಿಸಿದ್ದು, 7,600 ರೂಪಾಯಿ ವಾಪಸ್ ಕೊಡುವ ಬಗ್ಗೆ.

ನಮಸ್ಕಾರ.

ನಿಮ್ಮ ಆ್ಯಪ್‌ನಲ್ಲಿ ದೂರು ಬರೆಯೋಕೆ ಕೊಟ್ಟಿರುವ ಜಾಗದಲ್ಲಿ ನಾಲ್ಕು ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಆದರೂ ಬರೆದೆ. ಬರೆದು ಕಳಿಸಿದ ಕ್ಷಣದಲ್ಲೇ 'ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಪ್ರಯಾಣಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ' ಅಂತ ಉತ್ತರ ಬಂತು. ಅಷ್ಟು ಬೇಗ ಓದುವ ಮನುಷ್ಯ ಎಲ್ಲೂ ಇಲ್ಲ. ಅದಕ್ಕೇ ಈ ಮೇಲ್. ದಯವಿಟ್ಟು ಈ ಸಲ ಯಾರಾದರೂ ಕೂತು ಓದಿ.

ನಾವು ರಾಯಚೂರಿನವರು. ಮೇ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ ಬಾಗಿಲು ತೆಗೆದರೆ ಮುಖಕ್ಕೆ ಬೆಂಕಿ ಬಡಿಯುತ್ತದೆ. ಅಪ್ಪ, ಅವ್ವನನ್ನು ಕರೆದುಕೊಂಡು ಊಟಿಗೆ ಹೋಗೋಣ ಅಂತ ಮಾಡಿದೆವು. ಬೆಂಗಳೂರು, ಮೈಸೂರು ದಾಟಿ ರಸ್ತೆಯಲ್ಲೇ ಹೋಗುವುದು ಅವ್ವನ ಮೊಣಕಾಲಿಗೆ ಆಗದ ಮಾತು. ಅದಕ್ಕೆ ಹೈದರಾಬಾದ್‌ನಿಂದ ಕೊಯಮತ್ತೂರಿಗೆ ವಿಮಾನ, ಅಲ್ಲಿಂದ ನಿಮ್ಮ ಕಾರು. ರಾಯಚೂರಿನಿಂದ ಮಹಬೂಬ್‌ನಗರದ ಮೇಲೆ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದವರು ನಮ್ಮ ಓಣಿಯ ಡ್ರೈವರ್. ಅವರಿಗೆ ಆ್ಯಪ್ ಇಲ್ಲ, ವೆಬ್‌ಸೈಟ್ ಇಲ್ಲ. ಹಿಂದಿನ ರಾತ್ರಿ ಅವರೇ ಫೋನ್ ಮಾಡಿ 'ಲಗೇಜು ಎಷ್ಟೈತಿ ಸರ್' ಅಂತ ಕೇಳಿ, ಹೇಳಿದ ಹೊತ್ತಿಗೆ ಬಾಗಿಲಿಗೆ ಬಂದಿದ್ದರು. ತೊಂದರೆ ಶುರುವಾಗಿದ್ದು ವಿಮಾನ ಇಳಿದ ಮೇಲೆ.

ನಿಮ್ಮಲ್ಲಿ ಬುಕ್ ಮಾಡಿದ್ದು ಏನು ಅಂತ ನಿಮಗೇ ನೆನಪಿಸುತ್ತೇನೆ. ಆರು ಜನಕ್ಕೆ ಕ್ಯಾರಿಯರ್ ಇರುವ ಇನ್ನೋವಾ, 6,400 ರೂಪಾಯಿ. ಟೋಲ್, ಪಾರ್ಕಿಂಗ್, ಘಾಟ್, ಡ್ರೈವರ್ ಬಾಟಾ ಎಲ್ಲ ಸೇರಿ ಅಂತ ನಿಮ್ಮ ರಸೀದಿಯಲ್ಲೇ ಇದೆ. ಮೂರು ವರ್ಷದ ಮಗಳಿಗೆ ಚೈಲ್ಡ್ ಸೀಟ್, 600. ಊಟಿ ಇರುವ ನೀಲಗಿರಿ ಜಿಲ್ಲೆಗೆ ಹೊರಗಿನ ವಾಹನ ಹೋಗಲು ಬೇಕಾದ ಇ-ಪಾಸ್‌ನ ಶುಲ್ಕ, 500. ಒಟ್ಟು 7,500, ಪೂರ್ತಿ ಮುಂಗಡ. ವಾಪಸ್ ಬರುವ ದಿನದ ಕಾರಿಗೆ ಬೇರೆ 1,500 ಅಡ್ವಾನ್ಸ್. ಕನ್ನಡ ಮಾತಾಡುವ ಡ್ರೈವರ್, ಹೆಸರು ಬರೆದ ಬೋರ್ಡ್ ಹಿಡಿದು ಹೊರಗೆ ನಿಂತಿರುತ್ತಾರೆ ಅಂತಲೂ ಬರೆದಿದ್ದಿರಿ. ಉಚಿತ ನೀರಿನ ಬಾಟಲಿ ಕೂಡ! ಬಳಸಿ ಬಿಸಾಡುವ ಪ್ಲಾಸ್ಟಿಕ್ ನೀರಿನ ಬಾಟಲಿ ನೀಲಗಿರಿಯಲ್ಲಿ ನಿಷೇಧ ಅನ್ನುವುದು ಅಲ್ಲಿಗೆ ದಿನಾ ಕಾರು ಓಡಿಸುತ್ತೇವೆ ಅನ್ನುವ ನಿಮಗೆ ಗೊತ್ತಿಲ್ಲವಾ?

ಕೊಯಮತ್ತೂರು ವಿಮಾನ ನಿಲ್ದಾಣದಿಂದ ಊಟಿ ಸುಮಾರು 90 ಕಿಲೋಮೀಟರ್. ಹೊರಗೆ ಬಂದು ನಿಂತರೆ ಟ್ಯಾಕ್ಸಿ ಸಿಗುತ್ತದೆ, ಚೌಕಾಸಿ ಮಾಡಿದರೆ ನಿಮಗಿಂತ ಕಡಿಮೆಗೂ ಸಿಗುತ್ತದೆ. ಇದು ಗೊತ್ತಿದ್ದೂ ನಿಮಗೆ ಜಾಸ್ತಿ ಕೊಟ್ಟಿದ್ದು ಯಾಕೆ? ವಯಸ್ಸಾದವರು, ಮಗು ಇದ್ದಾರೆ, ಬಿಸಿಲಲ್ಲಿ ನಿಂತು ಗಾಡಿ ಹುಡುಕುವುದು ಬೇಡ ಅಂತ. ಯಾವ ಗಾಡಿ, ಯಾರು ಡ್ರೈವರ್, ಪಾಸ್ ಆಗಿದೆಯಾ ಇಲ್ಲವಾ ಅನ್ನುವುದು ಮೊದಲೇ ಗೊತ್ತಿರಲಿ ಅಂತ. ನಾವು ಕೊಟ್ಟ ಜಾಸ್ತಿ ದುಡ್ಡೆಲ್ಲ ಈ ನೆಮ್ಮದಿಗೆ. ಅದೊಂದನ್ನೇ ನೀವು ಕೊಡಲಿಲ್ಲ.

ವಿಮಾನ ಸರಿಯಾದ ಸಮಯಕ್ಕೆ, ಸಂಜೆ 4 ಗಂಟೆಗೆ ಇಳಿಯಿತು. ಅದೇ ವಿಮಾನ ಆರಿಸಿಕೊಂಡಿದ್ದಕ್ಕೂ ಕಾರಣ ಇತ್ತು. ಬೇಸಿಗೆಯಲ್ಲಿ ಹಲಸು ಹಣ್ಣಾಗುವ ಹೊತ್ತಿಗೆ ಬರ್ಲಿಯಾರ್ ಹತ್ತಿರ ಆನೆಗಳು ರಸ್ತೆಗೆ ಬರುತ್ತವೆ, ಕತ್ತಲಾಗುವುದರೊಳಗೆ ಘಾಟ್ ಹತ್ತಿಬಿಡಬೇಕು ಅಂತ ಲೆಕ್ಕ ಹಾಕಿದ್ದೆ. ಹೊರಗೆ ಬಂದರೆ ಬೋರ್ಡ್ ಹಿಡಿದವರು ಬೇಕಾದಷ್ಟು ಜನ ಇದ್ದರು, ನಮ್ಮ ಹೆಸರಿನದು ಇರಲಿಲ್ಲ. ನೀವು ಮೆಸೇಜ್‌ನಲ್ಲಿ ಕಳಿಸಿದ್ದ ನಂಬರಿನ ಇನ್ನೋವಾ ಕೂಡ ಇರಲಿಲ್ಲ. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ ಹಿಂದಿಯಲ್ಲಿ 'ಹತ್ತು ನಿಮಿಷ' ಅಂದರು. ಮತ್ತೆ ಮಾಡಿದರೆ ಮತ್ತೆ ಹತ್ತು ನಿಮಿಷ. ಆಮೇಲೆ ಲೈನಿನಲ್ಲಿ ಬರೀ ಮ್ಯೂಸಿಕ್. ಅವ್ವ ಲಗೇಜು ಟ್ರಾಲಿಯ ಅಂಚಿನ ಮೇಲೆ ಕೂತಿದ್ದಳು, ಮಗಳು ಹಸಿವಾಗಿ ಅಳುತ್ತಿದ್ದಳು. ಕೊನೆಗೆ 5.40ಕ್ಕೆ ಒಂದು ಕಾರು ಬಂತು. ಇನ್ನೋವಾ ಅಲ್ಲ, ನಾಲ್ಕು ಜನ ಕೂರುವ ಸಣ್ಣ ಕಾರು. ಮೆಸೇಜಿನ ನಂಬರ್ ಅಲ್ಲ. ಕ್ಯಾರಿಯರ್ ಇಲ್ಲ. ಚೈಲ್ಡ್ ಸೀಟ್ ಇಲ್ಲ. ಎಲ್ಲಕ್ಕಿಂತ ದೊಡ್ಡದು, ವೈಟ್ ಬೋರ್ಡ್, ಅಂದರೆ ಬಿಳಿ ನಂಬರ್ ಪ್ಲೇಟಿನ ಸ್ವಂತ ಬಳಕೆಯ ಕಾರು.

ಆರು ಜನ, ಅಷ್ಟೂ ಲಗೇಜು ಅದರಲ್ಲಿ ಹೇಗೆ ಹಿಡಿಸಬೇಕು? ಅಲ್ಲೇ ಊಟಿಗೆ ಖಾಲಿ ವಾಪಸ್ ಹೋಗುತ್ತಿದ್ದ ಟಿಎನ್ 43 ನಂಬರಿನ ಟ್ಯಾಕ್ಸಿಯೊಂದು ಸಿಕ್ಕಿತು, ಪುಣ್ಯ. 3,800 ರೂಪಾಯಿಗೆ ಮಾತಾಡಿ ಅಪ್ಪ, ಅವ್ವ, ಅಕ್ಕನನ್ನು ಅದರಲ್ಲಿ ಕೂರಿಸಿದೆ. ನಾನು, ಹೆಂಡತಿ, ಮಗಳು ಲಗೇಜಿನ ಸಂದಿಯಲ್ಲಿ ನಿಮ್ಮ ಕಾರು ಹತ್ತಿದೆವು. ಒಟ್ಟಿಗೆ ಹೋಗಬೇಕು ಅಂತ ದೊಡ್ಡ ಗಾಡಿ ಬುಕ್ ಮಾಡಿದ ಮನೆಯವರು ಎರಡು ಕಾರಲ್ಲಿ ಹೊರಟೆವು.

ಡ್ರೈವರ್ ಬಗ್ಗೆ ನನಗೆ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಹುಡುಗ, ಗಾಡಿ ಚೆನ್ನಾಗಿ ಓಡಿಸಿದ. ಕನ್ನಡ ಬರುತ್ತಿರಲಿಲ್ಲ, ತೆಲುಗು ಬರುತ್ತಿತ್ತು. ಕೊಯಮತ್ತೂರಿನಲ್ಲಿ ತೆಲುಗಿನವರು ಬಹಳ. ರಾಯಚೂರಿನವರಿಗೆ ತೆಲುಗು ಬಾರದಿದ್ದರೆ ಹೇಗೆ, ಹಾಗಾಗಿ ದಾರಿಯುದ್ದಕ್ಕೂ ಮಾತಾಯಿತು, ನಿಮ್ಮ ವ್ಯವಹಾರ ಎಲ್ಲ ಗೊತ್ತಾಯಿತು. ನೀವು ನಮ್ಮ ಬುಕಿಂಗ್ ತೆಗೆದುಕೊಂಡು ಒಬ್ಬ ವೆಂಡರ್‌ಗೆ ಕೊಟ್ಟಿದ್ದೀರಿ. ಅವರ ಇನ್ನೋವಾ ಬೇರೆ ಬಾಡಿಗೆಗೆ ಹೋಯಿತಂತೆ. ಅವರು ಇನ್ನೊಬ್ಬರಿಗೆ ದಾಟಿಸಿದರು. ಅವರು ಆ ದಿನ ಮಧ್ಯಾಹ್ನ ಈ ಹುಡುಗನಿಗೆ ಫೋನ್ ಮಾಡಿ, ನಿನ್ನ ಸ್ವಂತ ಕಾರು ತಗೊಂಡು ಹೋಗು ಅಂದರಂತೆ. ಅವನಿಗೆ ಸಿಗುವುದು 3,200, ಡೀಸೆಲ್ ಅವನದೇ. ಘಾಟ್ ಚಾರ್ಜ್ 800, ನೈಟ್ ಬಾಟಾ 400 ಪಾರ್ಟಿ ಹತ್ತಿರವೇ ಇಸ್ಕೋ ಅಂತ ಹೇಳಿ ಕಳಿಸಿದ್ದಾರೆ. ನಾನು ಕೊಟ್ಟೆ. ರಾತ್ರಿ ಹೊತ್ತು ಬೆಟ್ಟದ ಮೇಲೆ ಆ ಹುಡುಗನ ಜೊತೆ ಜಗಳ ಮಾಡಿ ಏನು ಪ್ರಯೋಜನ? ನಾನು 7,500 ಕೊಟ್ಟಿದ್ದೇನೆ ಅಂದಾಗ ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಮೇಟ್ಟುಪಾಳ್ಯಂ ದಾಟಿದ ಮೇಲೆ ಮೆಲ್ಲಗೆ 'ಚುಟ್ಟಾಲಮನಿ ಚೆಪ್ಪಂಡಿ ಸಾರ್' ಅಂದ. ಪೊಲೀಸರು ಕೇಳಿದರೆ ಸಂಬಂಧಿಕರು ಅಂತ ಹೇಳಬೇಕಂತೆ. ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸುವ ಹಾಗಿಲ್ಲ ಅನ್ನುವುದು ಅವನಿಗೂ ಗೊತ್ತು, ನನಗೂ ಗೊತ್ತು, ನಿಮಗಂತೂ ಗೊತ್ತೇ ಇದೆ. ಸ್ವಂತ ಬಳಕೆಯ ಕಾರಿನ ಇನ್ಶೂರೆನ್ಸ್ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ, ಪಾಲಿಸಿಯಲ್ಲೇ ಬರೆದಿರುತ್ತದೆ. ಆ ಹೇರ್‌ಪಿನ್ ತಿರುವುಗಳಲ್ಲಿ ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಿಬಿಟ್ಟರೆ ನಾವು ಯಾರ ಬಾಗಿಲಿಗೆ ಹೋಗಬೇಕಿತ್ತು? ಚೈಲ್ಡ್ ಸೀಟಿಗೆ 600 ಕೊಟ್ಟ ಮಗಳು ಹೆಂಡತಿಯ ತೊಡೆಯ ಮೇಲಿದ್ದಳು. ತಿರುವು ಬಂದಾಗಲೆಲ್ಲ ಅವಳು ಮಗುವನ್ನು ಎರಡು ಕೈಯಲ್ಲಿ ಅಪ್ಪಿಕೊಳ್ಳುತ್ತಿದ್ದಳು.

ಈಗ ಇ-ಪಾಸ್ ವಿಷಯಕ್ಕೆ ಬರುತ್ತೇನೆ, ನನಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೇ. ಹೊರಗಿನ ವಾಹನಗಳಿಗೆ ನೀಲಗಿರಿಯಲ್ಲಿ ಇ-ಪಾಸ್ ಬೇಕು ಅನ್ನುವುದು ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಬಂದಿದೆ. 2025ರ ಬೇಸಿಗೆಗೆ ಕೋರ್ಟು ದಿನಕ್ಕೆ ಇಷ್ಟೇ ವಾಹನ ಅಂತ ಮಿತಿಯನ್ನೂ ಹಾಕಿತು. ಊಟಿ ಕಡೆಗೆ ವಾರದ ದಿನಗಳಲ್ಲಿ 6,000 ವಾಹನ, ವಾರಾಂತ್ಯದಲ್ಲಿ 8,000. ಅಂದರೆ ಸೀಸನ್‌ನಲ್ಲಿ ಪಾಸ್ ಇಲ್ಲದೆ ಕಾರು ಕಳಿಸುವುದು ಅಂದರೆ ಜನರನ್ನು ಅರ್ಧ ದಾರಿಯಲ್ಲಿ ಬಿಡುವ ಅಪಾಯ ತಗೊಂಡ ಹಾಗೆ. ಪಾಸ್ ಸಿಗುವುದು ವಾಹನದ ನಂಬರಿನ ಮೇಲೆ. ನಾನೇ ಮಾಡಿಸಿಕೊಳ್ಳುತ್ತೇನೆ, ನಂಬರ್ ಕೊಡಿ ಅಂತ ಒಂದು ವಾರ ಮುಂಚೆಯೇ ಮೇಲ್ ಮಾಡಿದ್ದೆ. 'ವಾಹನದ ವಿವರ ಎರಡು ಗಂಟೆ ಮೊದಲು ಕಳಿಸುತ್ತೇವೆ, ಪಾಸ್ ನಮ್ಮ ಜವಾಬ್ದಾರಿ' ಅಂತ ನೀವು ಬರೆದ ಉತ್ತರ ನನ್ನ ಹತ್ತಿರ ಇದೆ. ಸರಿ, ಜವಾಬ್ದಾರಿ ಏನಾಯಿತು? ಕಲ್ಲಾರ್ ಚೆಕ್‌ಪೋಸ್ಟ್‌ನಲ್ಲಿ ಕಾರು ನಿಲ್ಲಿಸಿದರು. ಆ ನಂಬರಿಗೆ ಪಾಸೇ ಇಲ್ಲ. ರಸ್ತೆ ಪಕ್ಕಕ್ಕೆ ಹಾಕಿ, ನನ್ನ ಫೋನಿನಲ್ಲೇ ಗಾಡಿ ನಂಬರ್, ಜನ ಎಷ್ಟು, ಉಳಿಯುವ ಜಾಗ ಯಾವುದು, ಎಷ್ಟು ದಿನ ಅಂತ ತುಂಬಿಸಿ, ನೆಟ್‌ವರ್ಕ್ ಹೋಗಿ ಬಂದು, ಮುಕ್ಕಾಲು ಗಂಟೆ ಕಳೆದ ಮೇಲೆ ಪಾಸ್ ಬಂತು. ಬಂದಿದ್ದು ನಮ್ಮ ಅದೃಷ್ಟ. ಅಪ್ಪ, ಅವ್ವ ಇದ್ದ ಟ್ಯಾಕ್ಸಿ ನೀಲಗಿರಿಯದೇ ನಂಬರಿನದು, ಅದಕ್ಕೆ ಪಾಸ್ ಬೇಕಿಲ್ಲ, ಯಾವಾಗಲೋ ಮುಂದೆ ಹೋಗಿತ್ತು. ಅವರಿಗೆ ಫೋನ್ ಸಿಗುತ್ತಿಲ್ಲ, ನಮಗೂ ಸಿಗುತ್ತಿಲ್ಲ. ನಾವು ಹೋಟೆಲ್ ಮುಟ್ಟಿದಾಗ ಹತ್ತೂವರೆ ದಾಟಿತ್ತು. ಅಪ್ಪ ಆ ಚಳಿಯಲ್ಲಿ ಗೇಟಿನ ಹತ್ತಿರವೇ ನಿಂತಿದ್ದರು.

ಪಾಸ್‌ಗೆ ನಾನು ಅಲ್ಲಿ ಎಷ್ಟು ದುಡ್ಡು ಕಟ್ಟಿದೆ ಗೊತ್ತಾ? ಒಂದು ಪೈಸೆ ಇಲ್ಲ. ಇ-ಪಾಸ್ ಉಚಿತ. ನೀವು ಅದಕ್ಕೆ 500 ರೂಪಾಯಿ ಶುಲ್ಕ ಅಂತ ರಸೀದಿಯಲ್ಲಿ ತೋರಿಸಿ ತೆಗೆದುಕೊಂಡಿದ್ದೀರಿ. ನಿಮ್ಮ ಕೆಲಸಕ್ಕೆ ಚಾರ್ಜ್ ಅಂತಾದರೂ ಬರೆದಿದ್ದರೆ ಒಂದು ಮಾತು. ಸರ್ಕಾರ ಕೇಳದ ಶುಲ್ಕವನ್ನು ಸರ್ಕಾರದ ಹೆಸರಲ್ಲಿ ವಸೂಲಿ ಮಾಡಿ, ಆ ಕೆಲಸವನ್ನೂ ಮಾಡಲಿಲ್ಲ.

ನಾನು ಇಲ್ಲಿ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ನಮ್ಮಲ್ಲಿ ಲೋಡ್ ಹೊರಗೆ ಹೋಗಬೇಕಾದರೆ ಲಾರಿ ನಂಬರ್, ಡ್ರೈವರ್ ಲೈಸೆನ್ಸ್ ನೋಡದೆ ಗೇಟು ತೆಗೆಯುವುದಿಲ್ಲ. ಹೇಳಿದ ಲಾರಿ ಬಿಟ್ಟು ಬೇರೆ ಬರುವುದಿದ್ದರೆ ಟ್ರಾನ್ಸ್‌ಪೋರ್ಟ್‌ನವರು ಮೊದಲೇ ಫೋನ್ ಮಾಡಿ ತಿಳಿಸುತ್ತಾರೆ, ದಾರಿಯಲ್ಲಿ ಏನಾದರೂ ಆದರೆ ಅವರೇ ಎದುರು ಬಂದು ಕೂರುತ್ತಾರೆ. ಅಕ್ಕಿ ಮೂಟೆಗೆ ಇರುವ ಮರ್ಯಾದೆ ನಮ್ಮ ಅವ್ವನಿಗೆ ನಿಮ್ಮಲ್ಲಿ ಸಿಗಲಿಲ್ಲ.

ಬಂದ ಮೇಲೆ ನೀವು ಹೇಳಿದ ಸಬೂಬುಗಳಿಗೆ ಉತ್ತರ. ನೈಟ್ ಬಾಟಾ ಯಾಕೆ ಅಂದರೆ 'ಊಟಿ ರಸ್ತೆಯಲ್ಲಿ ರಾತ್ರಿ ಸಂಚಾರ ನಿಷೇಧ ಇರುವುದರಿಂದ ಡ್ರೈವರ್ ಮೇಲೆಯೇ ಉಳಿಯಬೇಕು' ಅಂದಿರಿ. ಇದನ್ನು ಉತ್ತರ ಭಾರತದವರಿಗೆ ಹೇಳಿ, ನಂಬಬಹುದು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕುವುದು ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರದ ಕಾಡಿನ ರಸ್ತೆಯಲ್ಲಿ, 2009ರಿಂದ. ಕರ್ನಾಟಕದಿಂದ ಊಟಿಗೆ ಹೋಗುವ ಎಲ್ಲರಿಗೂ ಗೊತ್ತಿರುವ ವಿಷಯ. ನಾವು ಬಂದದ್ದು ಮೇಟ್ಟುಪಾಳ್ಯಂ, ಕೂನೂರು ಮೇಲೆ. ಆ ಕಾಡಿಗೂ ಈ ರಸ್ತೆಗೂ ಸಂಬಂಧ ಇಲ್ಲ. ಇನ್ನು, ರಾತ್ರಿ ಆಗಿದ್ದೇ ನಿಮ್ಮ ಕಾರು ತಡವಾಗಿ ಬಂದಿದ್ದರಿಂದ. ಅದಕ್ಕೆ ನಾವೇ ಬಾಟಾ ಕೊಡಬೇಕಾ?

ಎರಡನೆಯದು, 'ನಾವು ಬರೀ ವೇದಿಕೆ, ವಾಹನ ವೆಂಡರ್ ಅವರದು'. ನಾನು ಯಾವ ವೆಂಡರ್‌ನನ್ನೂ ಕಂಡಿಲ್ಲ. ದುಡ್ಡು ಹೋಗಿದ್ದು ನಿಮ್ಮ ಖಾತೆಗೆ, ರಸೀದಿ ಬಂದಿದ್ದು ನಿಮ್ಮ ಹೆಸರಲ್ಲಿ, ಪಾಸ್ ನಮ್ಮ ಜವಾಬ್ದಾರಿ ಅಂತ ಬರೆದವರೂ ನೀವೇ.

ಮೂರನೆಯದು ವಾಪಸಿನ ಕಾರು. ಮಾರನೇ ದಿನವೇ ಅದನ್ನು ರದ್ದು ಮಾಡಿದೆ, ಪ್ರಯಾಣಕ್ಕೆ ಇನ್ನೂ ಮೂರು ದಿನ ಇತ್ತು. 24 ಗಂಟೆ ಮೊದಲು ರದ್ದಾದರೆ ಪೂರ್ತಿ ಹಣ ವಾಪಸ್ ಅಂತ ನಿಮ್ಮದೇ ನಿಯಮ. ನೀವು 1,500 ಅನ್ನು ನಿಮ್ಮ ವ್ಯಾಲೆಟ್‌ಗೆ ಹಾಕಿದ್ದೀರಿ, 90 ದಿನದಲ್ಲಿ ಬಳಸಬೇಕಂತೆ. 90 ದಿನದಲ್ಲಿ ನಾನು ಮತ್ತೆ ಊಟಿಗೆ ಹೋಗಿ, ಮತ್ತೆ ನಿಮ್ಮ ಕಾರಿಗೇ ಕಾಯಬೇಕಾ?

ಲೆಕ್ಕ ಹೇಳುತ್ತೇನೆ. ಬೇರೆ ಟ್ಯಾಕ್ಸಿಗೆ ಕೊಟ್ಟ 3,800, ಪಾಸ್ ಹೆಸರಿನ 500, ಇಲ್ಲದ ಚೈಲ್ಡ್ ಸೀಟಿನ 600, ಡ್ರೈವರ್ ಕೈಯಲ್ಲಿ ವಸೂಲಿ ಮಾಡಿಸಿದ 1,200, ವಾಪಸಿನ ಅಡ್ವಾನ್ಸ್ 1,500. ಒಟ್ಟು 7,600. ಇನ್ನೋವಾಗೂ ಸಣ್ಣ ಕಾರಿಗೂ ಇರುವ ಬಾಡಿಗೆ ವ್ಯತ್ಯಾಸವನ್ನು ನಾನು ಕೇಳುತ್ತಿಲ್ಲ, ಯಾಕೆಂದರೆ ಟ್ಯಾಕ್ಸಿ ದುಡ್ಡು ಬಂದರೆ ಅದೂ ಅದರಲ್ಲೇ ಸೇರಿತು. ಎರಡು ಸಲ ಕೇಳುವುದು ಸರಿಯಲ್ಲ. 1,200ನ್ನು ಆ ಹುಡುಗನ ಬಾಡಿಗೆಯಲ್ಲಿ ಮುರಿದುಕೊಳ್ಳಬೇಡಿ. ಅದು ನಿಮ್ಮ ಪಾಲಿನಿಂದ ಬರಬೇಕು.

ನಿಮ್ಮ ಷರತ್ತುಗಳ ಕೊನೆಯಲ್ಲಿ, ಏನೇ ತಕರಾರಿದ್ದರೂ ನಿಮ್ಮ ಕಚೇರಿ ಇರುವ ಊರಿನ ಕೋರ್ಟಿಗೇ ಬರಬೇಕು ಅಂತ ಸಣ್ಣ ಅಕ್ಷರದಲ್ಲಿ ಹಾಕಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಗ್ರಾಹಕ ತಾನು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ನನಗೆ ಅದು ರಾಯಚೂರು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ, ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ. ನೀವೇ ಇಲ್ಲಿಗೆ ಬರಬೇಕಾಗುತ್ತದೆ, ಅದೂ ಬೇಸಿಗೆಯಲ್ಲಾದರೆ ಇನ್ನೂ ಚೆನ್ನಾಗಿರುತ್ತದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಆನ್‌ಲೈನ್‌ನಲ್ಲಿ ವ್ಯಾಪಾರ ಮಾಡುವವರು ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಇದೆ. ದೂರು ನೋಡಿಕೊಳ್ಳುವ ಅಧಿಕಾರಿಯ ಹೆಸರನ್ನೂ ಹಾಕಬೇಕು. ನಿಮ್ಮ ವೆಬ್‌ಸೈಟ್ ಪೂರ್ತಿ ಹುಡುಕಿದೆ, ಆ ಹೆಸರು ಎಲ್ಲೂ ಕಾಣಲಿಲ್ಲ.

ಈ ಮೇಲ್ ತಲುಪಿದ ದಿನದಿಂದ ಆ ಒಂದು ತಿಂಗಳು ಕಾಯುತ್ತೇನೆ. ದುಡ್ಡನ್ನು ವ್ಯಾಲೆಟ್‌ಗೆ ಹಾಕಬೇಡಿ, ಯಾವ ಖಾತೆಯಿಂದ ಬಂತೋ ಅದಕ್ಕೇ ಹಾಕಿ. ಕೂಪನ್ ಬೇಡ. ರಸೀದಿ, ವಾಹನ ನಂಬರಿನ ಮೆಸೇಜ್, ಬಂದ ಕಾರಿನ ಫೋಟೋ, ಕಲ್ಲಾರ್‌ನಲ್ಲಿ ತೆಗೆದ ಪಾಸ್ (ಅದರಲ್ಲಿ ಸಮಯವೂ ಇದೆ), ಟ್ಯಾಕ್ಸಿಗೆ ಮತ್ತು ಡ್ರೈವರ್‌ಗೆ ಫೋನ್‌ನಿಂದ ಕಳಿಸಿದ ಹಣದ ವಿವರ, ನಿಮ್ಮ ಮೇಲ್‌ಗಳು ಎಲ್ಲವನ್ನೂ ಜೊತೆಗೆ ಹಾಕಿದ್ದೇನೆ. ಡ್ರೈವರ್ ಹೆಸರು, ನಂಬರ್ ಮಾತ್ರ ಅಳಿಸಿದ್ದೇನೆ.

ಫೋನ್ ಮಾಡುವುದಾದರೆ ಸಂಜೆ ಆರರ ಮೇಲೆ ಮಾಡಿ, ಹಗಲು ಗಿರಣಿ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಕನ್ನಡ ಬರುವವರು ಮಾಡಿದರೆ ಒಳ್ಳೆಯದು, ತೆಲುಗು ಆದರೂ ನಡೆಯುತ್ತದೆ. ಮಾತಾಡಿದ್ದನ್ನು ಆಮೇಲೆ ಮೇಲ್‌ನಲ್ಲೂ ಬರೆದು ಕಳಿಸಿ.

ಇಂತಿ,
ಬುಕಿಂಗ್ ಮಾಡಿದವರು
ರಾಯಚೂರು